ಬಂಗಾರೆವ್ವನ ಒಡಪು, ಶ್ರೀದೇವಿಯ ರೀಲು

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೊಸದಾಗಿ ವಾರ್ಡನ್ ಆಗಿ ಸೇರುವವರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾರ, ಈ ಮೊಬೈಲಿಗೆ ಏನ್ ಮಾಡೂದ್ರಿ?" ನಾನು ಹೇಳುವುದೂ ಒಂದೇ ಉತ್ತರ. ಮೊದಲು ಏನೂ ಮಾಡಬೇಡಿ. ಹುಡುಗಿಯರ ಪಕ್ಕದಲ್ಲಿ ಕುಳಿತು ಅವರು ಅದರಲ್ಲಿ ಏನು ಮಾಡುತ್ತಾರೆ ಎಂದು ಕಣ್ಣು ಬಿಟ್ಟು ನೋಡಿ. ನೋಡದೆ ಕಾನೂನು ಮಾಡಿದವರೆಲ್ಲ ನನ್ನ ಕಣ್ಣೆದುರಿಗೇ ಮಣ್ಣು ಮುಕ್ಕಿದ್ದಾರೆ. ಒಂದೆರಡು ಸಲ ನಾನೂ ಮುಕ್ಕಿದ್ದೇನೆ.

ವಿಜಯಪುರದಲ್ಲಿ ಎಂ.ಎ., ಎಂ.ಎಸ್ಸಿ. ಓದುವ ಹುಡುಗಿಯರ ಹಾಸ್ಟೆಲ್ಲಿನಲ್ಲಿ ನನ್ನ ನೌಕರಿ ಕಳೆಯಿತು. ಯಾವ ವರ್ಷ ಯಾವ ದರ್ಜೆಗೆ ಏರಿದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದರೆ ನಿಮಗೇನು ಉಪಯೋಗ? ನಾನು ಸೇರಿದಾಗ ಇಡೀ ಹಾಸ್ಟೆಲ್ಲಿಗೆ ಒಂದೇ ಫೋನು, ಅದೂ ನನ್ನ ಆಫೀಸಿನ ಮೇಜಿನ ಮೇಲೆ. ಭಾನುವಾರ ಬಂತೆಂದರೆ ಟಿಕೋಟಾ, ಬಬಲೇಶ್ವರ, ಇನ್ನೂ ಎಲ್ಲೆಲ್ಲಿಂದಲೋ ತಂದೆಯರು ಫೋನ್ ಮಾಡುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಹುಡುಗಿಯ ಹೆಸರು ಕೂಗಿದರೆ ಮೂರನೆಯ ಮಹಡಿಯವಳು ಬಾಚಣಿಗೆ ಕೈಯಲ್ಲೇ ಹಿಡಿದು ಓಡಿ ಬರುತ್ತಿದ್ದಳು. ನಿಡೋಣಿಯ ಹೊಲಗಳಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದವಳು ನಾನು. ನನ್ನ ಗಂಟಲಿಗೆ ಯಾವ ಕಂಪನಿಯ ಟವರೂ ಬೇಕಾಗಿರಲಿಲ್ಲ.

ಆಮೇಲೆ ಒಬ್ಬೊಬ್ಬರ ಕೈಗೂ ಮೊಬೈಲು ಬಂತು. ಕೊರೊನಾ ಕಾಲದಲ್ಲಿ ಪಾಠವೆಲ್ಲ ಮೊಬೈಲಿಗೇ ಬಂದಾಗ, ಹೆಣ್ಣುಮಕ್ಕಳಿಗೆ ಫೋನ್ ಯಾಕೆ ಎನ್ನುತ್ತಿದ್ದ ತಂದೆಯರೇ ದೊಡ್ಡ ಪರದೆಯದನ್ನು ಕೊಡಿಸಿದರು. ಪಾಠ ಮುಗಿಯಿತು, ಫೋನ್ ಉಳಿಯಿತು. ಆಗ ನಮ್ಮ ಮುಖ್ಯ ವಾರ್ಡನ್ ಆಗಿದ್ದ ಪ್ರೊಫೆಸರ್ ಸಾಹೇಬರು ಒಂದು ಆಜ್ಞೆ ಹೊರಡಿಸಿದರು. ದಿನಾ ಸಂಜೆ ಊಟವಾದ ಮೇಲೆ ಎಲ್ಲ ಮೊಬೈಲನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿಸಿ ಬೀಗ ಹಾಕಬೇಕು, ಬೆಳಿಗ್ಗೆ ತಿರುಗಿ ಕೊಡಬೇಕು. ಸಾಹೇಬರು ಒಳ್ಳೆಯವರೇ, ಆದರೆ ಹಾಸ್ಟೆಲ್ಲನ್ನು ನಡೆಸುತ್ತಿದ್ದುದು ತಮ್ಮ ಮನೆಯ ಸೋಫಾದ ಮೇಲೆ ಕುಳಿತು.

ಹುಡುಗಿಯರು ಒಂದು ಮಾತೂ ಆಡದೆ ಸಾಲಾಗಿ ಬಂದು ಫೋನ್ ಹಾಕಿ ಹೋದರು. ಸಾಹೇಬರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಅನುಮಾನ. ಅಷ್ಟು ಫೋನ್ ತುಂಬಿದ ಪೆಟ್ಟಿಗೆ ಒಂದು ದಿನವಾದರೂ ಸದ್ದು ಮಾಡಬೇಡವೇ? ಒಬ್ಬಳ ಅಲಾರಂ ಆದರೂ ಹೊಡೆಯಬೇಡವೇ? ಒಂದು ದಿನ ಬೀಗ ತೆಗೆದು ಒಂದೊಂದೇ ಒತ್ತಿ ನೋಡಿದೆ. ಯಾವುದಕ್ಕೂ ಜೀವವಿಲ್ಲ! ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯಿಂದ ಕೆಟ್ಟ ಫೋನುಗಳನ್ನು ತಂದು, ಚಂದದ ಕವರ್ ಹಾಕಿ ನನಗೆ ಒಪ್ಪಿಸುತ್ತಿದ್ದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ. ಸಿಟ್ಟು ಬರಬೇಕಿತ್ತು, ನಗು ಬಂತು. ಸಾಹೇಬರು ದಂಡ ಹಾಕಿ ಎಂದರು. ನಾನು ಪೆಟ್ಟಿಗೆಯನ್ನು ಅವರ ಮುಂದೆ ಇಟ್ಟು, "ಸರ್, ಇಷ್ಟು ಬುದ್ಧಿ ಇರೋ ಹುಡುಗ್ಯಾರಿಗೆ ದಂಡ ಯಾಕ್ರಿ, ಮಾಲಿ ಹಾಕ್ರಿ" ಎಂದೆ. ಪೆಟ್ಟಿಗೆ ಅಂದಿಗೆ ಮುಗಿಯಿತು.

ಬಂದ್ ಮಾಡಲು ಆಗುವುದಿಲ್ಲ ಎಂದಮೇಲೆ ಒಳಹೊಕ್ಕು ನೋಡೋಣ ಎಂದು ನಾನೂ ಗುಲಾಬಿ ಹೂವಿನ ಚಿತ್ರ ಹಾಕಿ, ಹುಡುಗಿಯರು ಫೋಟೊ, ರೀಲು ಹಾಕುವ ಆ್ಯಪಿನಲ್ಲಿ ಸುಳ್ಳು ಹೆಸರಿನ ಒಂದು ಖಾತೆ ತೆರೆದೆ. ಯಾವ ಹುಡುಗಿ ಏನು ಹಾಕುತ್ತಾಳೆ ಎಂದು ಗುಟ್ಟಾಗಿ ನೋಡುವ ಉಪಾಯ. ಮಧ್ಯಾಹ್ನ ಖಾತೆ ತೆರೆದಿದ್ದೆ, ಸಂಜೆ ಊಟದ ಮನೆಯಲ್ಲಿ ಇಡೀ ಸಾಲು ಕಿಸಿಕಿಸಿ ನಗುತ್ತಿತ್ತು. ಇಟ್ಟಂಗಿಹಾಳದ ಗೀತಾ ಎಂಬ ಹುಡುಗಿ ರೊಟ್ಟಿ ಮುರಿಯುತ್ತ ಕೇಳಿದಳು: "ಮೇಡಂ, ಗುಲಾಬಿ ಹೂವಿಗೆ ಪಲ್ಯ ಬೇಕೇನ್ರಿ?" ನಾನು ಹಿಂಬಾಲಿಸಿದ್ದು ನಮ್ಮ ಹಾಸ್ಟೆಲ್ಲಿನ ಹುಡುಗಿಯರನ್ನು ಮಾತ್ರ, ಅದೂ ಕಂಡಕಂಡದ್ದಕ್ಕೆಲ್ಲ ಲೈಕ್ ಒತ್ತಿದ್ದೆ. ಕಳ್ಳತನಕ್ಕೆ ಹೋದವನು ಬಾಗಿಲಲ್ಲಿ ಕೆಮ್ಮಿದ ಹಾಗಾಯಿತು. ಆ ದಿನದಿಂದ ಗೀತಾ ಮತ್ತು ಅವಳ ಖೋಲಿಯ ಜೊತೆಗಾತಿ ಶ್ರೀದೇವಿಯೇ ನನಗೆ ಗುರುಗಳಾದರು.

ಶ್ರೀದೇವಿಯ ಊರು ಟಿಕೋಟಾ ಹತ್ತಿರದ ಕಳ್ಳಕವಟಗಿ. ತಂದೆ ಸಿದ್ದಪ್ಪ, ದ್ರಾಕ್ಷಿ ಬೆಳೆಗಾರ. ಎಂ.ಎ. ಕನ್ನಡ ಓದುತ್ತಿದ್ದಳು. ಅವಳು ಕಲಿಸಿದ ಮೊದಲ ಪಾಠವೇ ನನ್ನ ಕಣ್ಣು ತೆರೆಸಿತು. ನಮ್ಮ ಹುಡುಗಿಯರು ವಾಟ್ಸಪ್ಪಿನಲ್ಲಿ ತಮ್ಮ ಮುಖ ಹಾಕುವುದಿಲ್ಲ. ಹೂವು, ದೇವರು, ಅಣ್ಣನ ಕೂಸು, ಇಷ್ಟೇ. ಸ್ಟೇಟಸ್ ಹಾಕಿದರೆ ಕಾಕಾ, ಮಾಮಾ, ಊರಿನ ಅಣ್ಣಂದಿರು ಎಲ್ಲರಿಗೂ ಕಾಣದ ಹಾಗೆ ಮುಚ್ಚಿಟ್ಟು ಹಾಕುತ್ತಾರೆ. ಊರಿಗೆ ಒಂದು ಮುಖ, ಗೆಳತಿಯರಿಗೆ ಒಂದು ಮುಖ.

"ಇದು ಕಳ್ಳಾಟ ಅಲ್ಲೇನಬೇ?" ಎಂದು ನಾನು ಒಮ್ಮೆ ಕೇಳಿದೆ.

"ಕಳ್ಳಾಟ ಯಾಕ್ರಿ ಮೇಡಂ," ಎಂದಳು ಶ್ರೀದೇವಿ. "ಊರಾಗ ಗಂಡಸರು ಕಟ್ಟಿ ಮ್ಯಾಲೆ ಕುಂತು ಜಗತ್ತೆಲ್ಲಾ ಮಾತಾಡ್ತಾರ. ನಾವು ಆ ದಾರೀಲೆ ಹೋಗೂಮುಂದ ತಲಿ ತಗ್ಗಿಸಿ ಹೋಗಬೇಕು. ನಮಗ ಕುಂದರಾಕ ಕಟ್ಟಿ ಎಲ್ಲೈತ್ರಿ? ಇದ ನಮ್ಮ ಕಟ್ಟಿ."

ನನ್ನ ಹರೆಯದಲ್ಲಿ ನಮಗೂ ಕಟ್ಟೆ ಇರಲಿಲ್ಲ. ಬಾವಿಯ ಹಗ್ಗ ಹಿಡಿದು ಮಾತಾಡಿದಷ್ಟೇ.

ಎಲ್ಲರೂ ಅವಳ ಹಾಗೆ ಎಂದುಕೊಳ್ಳಬೇಡಿ. ಬಬಲೇಶ್ವರದ ಕಡೆಯ ಕಸ್ತೂರಿ ಎಂಬ ಹುಡುಗಿ ಏನನ್ನೂ ಹಾಕುತ್ತಿರಲಿಲ್ಲ, ಬರೀ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಊಟ ಬಿಟ್ಟಳು, ಕನ್ನಡಿ ಕಂಡರೆ ಮುಖ ತಿರುಗಿಸಿದಳು. ಕರೆದು ಕೂರಿಸಿ ಕೇಳಿದಾಗ, "ಎಲ್ಲಾರೂ ಚಂದ ಅದಾರ್ರಿ, ಎಲ್ಲಾರೂ ನಗಾಕತ್ತಾರ. ನಾ ಒಬ್ಬಾಕೀನ ಹಿಂಗ ಅನಸ್ತೈತ್ರಿ" ಎಂದು ಅತ್ತಳು. ನಾನು ಬುದ್ಧಿ ಹೇಳಲಿಲ್ಲ. ನಗುವ ಫೋಟೊ ಹಾಕಿದ್ದ ಪಕ್ಕದ ಖೋಲಿಯ ಹುಡುಗಿಯನ್ನೇ ಕರೆಸಿ, ಆ ಫೋಟೊ ತೆಗೆದ ದಿನ ಏನಾಗಿತ್ತು ಹೇಳು ಎಂದೆ. ಅವತ್ತು ಆಕೆ ಹಲ್ಲುನೋವಿನಿಂದ ಕಪಾಳ ಹಿಡಿದು ಕುಳಿತಿದ್ದಳಂತೆ, ಫೋಟೊಕ್ಕಷ್ಟೇ ಕೈ ತೆಗೆದಿದ್ದಳಂತೆ. ಕಸ್ತೂರಿ ತಾನೇ ಆ ಆ್ಯಪ್ ತೆಗೆದುಹಾಕಿದಳು. ಆದರೆ ನೌಕರಿ ಪರೀಕ್ಷೆಗೆ ಓದುವವರ ವಾಟ್ಸಪ್ ಗುಂಪನ್ನು ಇಟ್ಟುಕೊಂಡಳು, ಅದರಲ್ಲಿ ಬರುವ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೌಕರಿ ಹಿಡಿದು ಈಗ ಸರ್ಕಾರಿ ಕಚೇರಿಯಲ್ಲಿ ಕುಳಿತಿದ್ದಾಳೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ನಮ್ಮ ಹುಡುಗಿಯರು ತಾವೇ ಆರಿಸಿಕೊಳ್ಳಬಲ್ಲರು. ಇದನ್ನು ಹೇಳುವಾಗ ನನಗೆ ಹೆಮ್ಮೆ ಎನಿಸುತ್ತದೆ, ಮುಚ್ಚಿಡುವುದೇಕೆ?

ಇನ್ನು ನನ್ನ ಇಡೀ ನೌಕರಿಯಲ್ಲಿ ದೊಡ್ಡದೆನಿಸುವ ಪ್ರಸಂಗಕ್ಕೆ ಬರುತ್ತೇನೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಹೆಂಗಸರು ಬಾಗಿಲು ತಡೆದು ನಿಂತು ಹೆಸರು ಕೇಳಿದಾಗ ಮಾತ್ರ, ಪ್ರಾಸ ಕೂಡಿಸಿ ಕಟ್ಟಿದ ಪದದೊಳಗೆ ಆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಅದೇ ಒಡಪು. ಮದುವೆಯಾದವಳ ಬಾಯಲ್ಲಿ ಮಾತ್ರ ಬರುವ ಮಾತು ಅದು. ಶ್ರೀದೇವಿ ತನ್ನ ಎಂ.ಎ. ಪ್ರಬಂಧಕ್ಕೆ ಇಂಥ ಒಡಪುಗಳನ್ನು ಸಂಗ್ರಹಿಸುತ್ತಿದ್ದಳು. ಗೀತಾಳ ಜೊತೆ ಇಟ್ಟಂಗಿಹಾಳಕ್ಕೆ ಹೋಗಿ, ಗೀತಾಳ ಅಜ್ಜಿ ಬಂಗಾರೆವ್ವನಿಂದ ಒಂದು ಒಡಪು ಕಲಿತು ಬಂದಳು. ಅಜ್ಜಿ ಹೇಳಿದ ಹಾಗೆಯೇ, ಅದೇ ರಾಗ, ಅದೇ ಕೈ ತಿರುವು. ಹಾಸ್ಟೆಲ್ ದಿನಾಚರಣೆಗೆ ಅದನ್ನು ಮಾಡಿ ತೋರಿಸಲು ಇಳಕಲ್ ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ನಾಟಕದ ಪೆಟ್ಟಿಗೆಯಿಂದ ತಾಳಿ ತೆಗೆದು ಕೊರಳಿಗೆ ಹಾಕಿಕೊಂಡಳು. ತಾಳಿ ಇಲ್ಲದೆ ಒಡಪು ಹೇಳಿದರೆ ಚಂದ ಕಾಣುವುದಿಲ್ಲ ಎಂದು ಅವಳ ಹಟ. ಗೀತಾ ಅದನ್ನು ರೀಲ್ ಮಾಡಿದಳು. ಶ್ರೀದೇವಿ ಮೊಟ್ಟಮೊದಲ ಸಲ ತನ್ನ ಮುಖವಿರುವ ವಿಡಿಯೊ ಹಾಕಿದಳು. ಮೊದಲಿಗೆ, "ಇದು ಇಟ್ಟಂಗಿಹಾಳದ ಬಂಗಾರೆವ್ವಾಯಿ ಹೇಳಿದ ಒಡಪು" ಎಂದು ಚೊಕ್ಕವಾಗಿ ಹೇಳಿಯೇ ಶುರು ಮಾಡಿದ್ದಳು.

ಅದನ್ನು ನೋಡಿದವರಲ್ಲಿ ಯಾರೋ ಆ ಮೊದಲ ಮಾತನ್ನು ಕತ್ತರಿಸಿ, ಉಳಿದದ್ದನ್ನು ಕಳ್ಳಕವಟಗಿಯ ವಾಟ್ಸಪ್ ಗುಂಪಿಗೆ ಬಿಟ್ಟರು. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಊರವರಿಗೆ ಕಂಡದ್ದು ಏನು? ಸಿದ್ದಪ್ಪನ ಮಗಳು ತಾಳಿ ಕಟ್ಟಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಬಸವರಾಜ ಎಂಬವನ ಹೆಸರಿಟ್ಟು ಒಡಪು ಹೇಳುತ್ತಿದ್ದಾಳೆ. ಬೇರೆ ಊರಿನವರಾಗಿದ್ದರೆ ನಾಟಕ ಎಂದು ಬಿಡುತ್ತಿದ್ದರು. ನಮ್ಮವರು ಒಡಪಿನಲ್ಲಿ ಬಂದ ಹೆಸರೆಂದರೆ ಗಂಡನ ಹೆಸರೇ ಎಂದು ನಂಬುವವರು. ಹುಡುಗಿ ವಿಜಯಪುರದಲ್ಲಿ ಗುಟ್ಟಾಗಿ ಮದುವೆಯಾಗಿದ್ದಾಳೆ ಎಂದು ಊರೆಲ್ಲ ಡಂಗುರವಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಗೆ ಇಷ್ಟು ಸಾಲದೇ?

ಬೆಳಿಗ್ಗೆ ನಾನು ಆಫೀಸಿನ ಕದ ತೆಗೆಯುವಷ್ಟರಲ್ಲಿ ಒಂದು ಜೀಪು ಅಂಗಳಕ್ಕೆ ನುಗ್ಗಿತು. ಮೊದಲು ಇಳಿದವನು ಶ್ರೀದೇವಿಯ ಸೋದರಮಾವ ಭೀಮಣ್ಣ. ಇಳಿದವನೇ, "ಎಲ್ಲಿ ಅದಾನ್ರಿ ಅಂವಾ ಬಸವರಾಜ? ಹೊರಗ ಬಾರಲೇ!" ಎಂದು ಅಬ್ಬರಿಸಿದ. ನಮ್ಮ ಮೆಸ್ಸಿನ ಅಡುಗೆಯವನ ಹೆಸರೂ ಬಸವರಾಜ. ಅರ್ಧ ತಲೆ ಬೆಳ್ಳಗಾದ ಪಾಪದ ಮನುಷ್ಯ, ಸೌಟು ಹಿಡಿದುಕೊಂಡೇ ಹೊರಬಂದು, "ನಾನ್ರಿ ಬಸವರಾಜ. ಏನಾತ್ರಿ?" ಎಂದ. ಭೀಮಣ್ಣ ಅವನ ಕಾಲರ್ ಹಿಡಿಯಲು ಹೋದ. ನಾನು ನಡುವೆ ಹೋಗಿ, ನಿಡೋಣಿಯ ದನಿ ತೆಗೆದೆ: "ಕೈ ತಗೀರಿ! ಇದು ನಿಮ್ಮ ಹೊಲ ಅಲ್ಲ. ಈ ಜಿಲ್ಲಾದಾಗ ಕಲ್ಲು ಒಗದ್ರ ಬಸವರಾಜಗ ಬೀಳ್ತೈತಿ, ಎಲ್ಲಾರನ್ನೂ ಹಿಡದ ಬಡೀತೀರೇನು?" ಅಡುಗೆಯವನು ಒಳಗೆ ಓಡಿದ.

ಅವನ ಹಿಂದೆಯೇ ಜೀಪಿನಿಂದ ಇಳಿದ ಸಿದ್ದಪ್ಪ ಆಫೀಸಿನೊಳಗೆ ಬಂದು ನನ್ನ ಮುಂದೆ ಕುಳಿತ. ಫೋನ್ ತೆಗೆದು ಆ ತುಂಡು ವಿಡಿಯೊ ತೋರಿಸಿದ.

"ಅಕ್ಕಾರ, ಊರಾಗ ತಲಿ ಎತ್ತದಂಗ ಆಗೇತ್ರಿ. ಚಹಾದಂಗಡ್ಯಾಗ ಕುಂತಾವರು ಕೇಳ್ತಾರ, ಸಿದ್ದಪ್ಪ, ಅಳಿಯಗ ಹೊಲಾ ಎಷ್ಟೈತಪಾ ಅಂತ. ನಾ ಏನ್ ಹೇಳ್ಲಿ? ಆಕೀಗೆ ಸಾಮಾನ ಕಟ್ಟಾಕ ಹೇಳ್ರಿ. ಸಾಲಿ ಸಾಕು."

"ಇನ್ನೂ ಮರ್ಯಾದಿ ಉಳಸಬೇಕಂದ್ರ ನನ್ನ ಮಗಗ ತಂದ್ಕೋತೇನಿ," ಎಂದ ಭೀಮಣ್ಣ. "ಈ ವಾರದಾಗ ಅಕ್ಕಿಕಾಳು ಹಾಕಿ ಮುಗಸೂದು."

ಕೊನೆಯ ಸೆಮಿಸ್ಟರ್ ಪರೀಕ್ಷೆ ಬರುವ ಸೋಮವಾರ ಶುರುವಾಗುವುದಿತ್ತು. ಶ್ರೀದೇವಿಯನ್ನು ಕರೆಸಿದೆ. ಸಾಮಾನು ಕಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಅವಳ ಮುಖ ಸುಣ್ಣವಾಯಿತು. "ಅಪ್ಪಾ, ಅದು ಬಂಗಾರೆವ್ವಾಯಿ ಒಡಪು ಅಪಾ. ಆಕಿ ಗಂಡನ ಹೆಸರು ಬಸವರಾಜ. ನಂದಲ್ಲ" ಎಂದು ಪೂರ್ತಿ ವಿಡಿಯೊ ತೋರಿಸಿದಳು. ಸಿದ್ದಪ್ಪ ನೋಡಿದ. ಮುಖ ಒಂದಿಷ್ಟು ಸಡಿಲವಾಯಿತು. ಆಗ ಭೀಮಣ್ಣ ಅಕ್ಕನ ಗಂಡನತ್ತ ತಿರುಗಿ ಬಾಯಿ ಹಾಕಿದ: "ಮೊಬೈಲ್‌ದಾಗ ಈಗ ಸತ್ತಾವರನ್ನ ಎಬ್ಬಿಸಿ ಕುಣಸ್ತಾರ. ಈ ಮೊದಲಿನ ತುಂಡು ನಿನ್ನಿ ಕೂಡಿಸಿರಬೇಕು. ನಂಬಬ್ಯಾಡ ಮಾವ." ಸಿದ್ದಪ್ಪನ ಮುಖ ಮತ್ತೆ ಬಿಗಿಯಿತು.

ಅಷ್ಟರಲ್ಲಿ ಸಾಹೇಬರ ಫೋನ್. ಯಾರೋ ಅವರಿಗೂ ಆ ತುಂಡನ್ನು ಕಳಿಸಿದ್ದರು. "ನಮಗ್ಯಾಕ ಬೇಕು ಈ ರಗಳೆ? ಹುಡುಗಿ ಕಡೆಯಿಂದ ತಪ್ಪಾಯಿತು ಅಂತ ಬರೆಸಿಕೊಂಡು ತಂದೆಯ ಜೊತೆ ಕಳಿಸಿಬಿಡಿ. ಹಾಸ್ಟೆಲ್ ಹೆಸರು ಕೆಡಬಾರದು" ಎಂದರು. ನನಗೆ ಮೈಯೆಲ್ಲ ಉರಿಯಿತು. "ಸರ್, ಅಜ್ಜಿ ಹೇಳಿದ ಒಡಪನ್ನ ಮೊಮ್ಮಗಳ ವಾರಿಗಿ ಹುಡುಗಿ ಕಲ್ತು ಹೇಳಿದ್ರ ಅದು ತಪ್ಪೇನ್ರಿ? ನಾ ಬರಸೂದಿಲ್ಲ. ಬೇಕಾದ್ರ ನನ್ನ ಕಡಿಂದ ಬರಸ್ಕೊಳ್ರಿ" ಎಂದು ಫೋನ್ ಇಟ್ಟೆ. ನೌಕರಿಯಲ್ಲಿ ಮೇಲಿನವರ ಫೋನನ್ನು ನಾನೇ ಮೊದಲು ಇಟ್ಟದ್ದು ಅದೊಂದು ಸಲ.

ಸಿದ್ದಪ್ಪನಿಗೆ ಹೇಳಿದೆ: "ಮೊಬೈಲ್ ನಂಬಬ್ಯಾಡ್ರಿ, ಬರೋಬ್ಬರಿ. ಇಟ್ಟಂಗಿಹಾಳ ಇಲ್ಲೇ ಊರ ಹೊರಗೈತಿ. ನಡೀರಿ, ನಿಮ್ಮ ಅಳಿಯನ್ನ ನೋಡಿ ಬರೂಣು."

"ಇವರು ಮೊದಲ ಫೋನ್ ಮಾಡಿ ಅಜ್ಜಿಗೆ ಕಲಿಸಿ ಇಟ್ಟಿರ್ತಾರ," ಎಂದ ಭೀಮಣ್ಣ.

ನಾನು ಗೀತಾಳನ್ನೂ ಕರೆಸಿ, ಶ್ರೀದೇವಿಯ ಫೋನ್, ಗೀತಾಳ ಫೋನ್, ನನ್ನ ಫೋನ್ ಮೂರನ್ನೂ ಅವನ ಜೇಬಿಗೆ ತುರುಕಿದೆ. ಜೀಪು ಹತ್ತಿದೆವು. ದಾರಿಯುದ್ದಕ್ಕೂ ಶ್ರೀದೇವಿ ಪರೀಕ್ಷೆಯ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದನ್ನು ಯಾಕೆ ತಂದಳೋ, ಪಾಪ, ಅವಳಿಗೂ ಗೊತ್ತಿರಲಿಕ್ಕಿಲ್ಲ.

ಬಂಗಾರೆವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಗಂಡ ಮನೆಯಲ್ಲಿರಲಿಲ್ಲ, ಮೇವು ತರಲು ಹೋಗಿದ್ದ. ನಾವು ಕುಳಿತೆವು, ನೀರು ಬಂತು. ಭೀಮಣ್ಣನಿಗೆ ತಡೆಯಲಾಗಲಿಲ್ಲ.

"ಆಯಿ, ನಿಮ್ಮ ಯಜಮಾನ್ರ ಹೆಸರೇನ್ರಿ?"

ಬಂಗಾರೆವ್ವ ಶೇಂಗಾ ಬಿಟ್ಟು ಅವನನ್ನೇ ದಿಟ್ಟಿಸಿದಳು. "ಏನ್ ಕೇಳ್ತೀಯೋ ಯಪ್ಪಾ! ನಿಮ್ಮವ್ವ ನಿಮ್ಮಪ್ಪನ ಹೆಸರು ಹೇಳ್ತಿದ್ಲೇನು?"

"ನೋಡಿದಿ ಮಾವ? ಹೆಸರು ಬ್ಯಾರೆ ಐತಿ, ಅದಕ್ಕ ಹೇಳವಲ್ಲಳು."

ಗೀತಾ ಬಾಯಿ ತೆರೆದಳು. "ನೀ ಹೇಳಬ್ಯಾಡ," ಎಂದ ಭೀಮಣ್ಣ. "ಆಕೀನ ಹೇಳಲಿ."

ಅಜ್ಜಿ ಜಪ್ಪಯ್ಯ ಎಂದರೂ ಹೇಳಲೊಲ್ಲಳು. ಒಂದು ಮುಪ್ಪಿನ ಮುದುಕಿಯ ಬಾಯಿಂದ ಒಂದು ಹೆಸರು ಹೊರಡದೆ ಒಂದು ಹುಡುಗಿಯ ಓದು ನಿಲ್ಲುವ ಹೊತ್ತು ಬಂದಿತ್ತು. ಸಿದ್ದಪ್ಪ ಏಳಲು ಚಪ್ಪಲಿಗೆ ಕಾಲು ಚಾಚಿದ. ನನಗೆ ಹೊಳೆದದ್ದು ಆಗಲೇ. ಕೇಳುವ ರೀತಿಯಲ್ಲಿ ಕೇಳದೆ ಹೆಸರು ಎಲ್ಲಿಂದ ಬರಬೇಕು? ನಾನು ಎದ್ದು ಹೋಗಿ ಒಳಮನೆಯ ಹೊಸ್ತಿಲ ಮೇಲೆ ನಿಂತು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, "ಆಯಿ, ಹೆಸರು ಹೇಳ್ರಿ, ಒಳಗ ಹೋಗ್ರಿ. ಹೇಳೂಮಟಾ ನಾ ಬಾಗಲಾ ಬಿಡಾಕಿ ಅಲ್ಲ" ಎಂದೆ.

ಅಜ್ಜಿಯ ಮುಖ ನೋಡಬೇಕಿತ್ತು! ಸುಕ್ಕೆಲ್ಲ ಒಂದೇ ಸಲಕ್ಕೆ ನಕ್ಕವು. "ಅಯ್ಯ ಇಕಿನ! ಈ ವಯಸ್ಸಿನ್ಯಾಗ ಬಾಗಲಾ ಹಿಡೀತಾಳಲ್ಲ!" ಎನ್ನುತ್ತ ಎದ್ದಳು. ಕೈ ಒರೆಸಿಕೊಂಡಳು, ಸೆರಗು ಮುಂದಕ್ಕೆ ಎಳೆದುಕೊಂಡಳು, ಕತ್ತು ಒಂದಿಷ್ಟು ವಾರೆ ಮಾಡಿ ಹೇಳಿದಳು:

"ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ದನಿ,
ಒಂದ ಸಲ ಕರದ್ರ ಓಡಿ ಬರ್ತಾರ ಬಸವರಾಜ ನನ್ನ ಧಣಿ."

ಅದೇ ಪದ. ಅದೇ ರಾಗ. "ಧಣಿ" ಎನ್ನುವಾಗ ಬಳೆ ಸದ್ದು ಮಾಡುವ ಹಾಗೆ ಅದೇ ಕೈ ತಿರುವು. ಮೂಲೆಯಲ್ಲಿ ನಿಂತ ಶ್ರೀದೇವಿಯ ತುಟಿ ಅಜ್ಜಿಯ ಜೊತೆ ಅಲ್ಲಾಡುತ್ತಿತ್ತು. ಸಿದ್ದಪ್ಪ ಅಜ್ಜಿಯನ್ನು ನೋಡಿದ, ಮಗಳನ್ನು ನೋಡಿದ, ಚಪ್ಪಲಿಯಿಂದ ಕಾಲು ತೆಗೆದ.

"ಯಾರದು ನನ್ನ ಹೆಸರು ತಗೊಂಡಾವರು?" ಎನ್ನುತ್ತ ಅಂಗಳದಲ್ಲಿ ಮೇವಿನ ಹೊರೆ ಇಳಿಸಿದ ಒಬ್ಬ ಮುದುಕ. ಎಂಬತ್ತು ದಾಟಿದ ಜೀವ, ಬಾಯಲ್ಲಿ ಹಲ್ಲಿಲ್ಲ. "ಆಕಿ ಮಾತು ನಂಬಬ್ಯಾಡ್ರಿ. ಒಂದ ಸಲ ಕರದ್ರ ನಾ ಯಾವಾಗ ಓಡಿ ಬಂದೀನಿ? ಮದವಿ ಆದಾಗಿಂದ ಇದೊಂದ ಸುಳ್ಳು ಹೇಳಕೋತ ಬಂದಾಳ."

ಮೊದಲು ನಕ್ಕವನು ಭೀಮಣ್ಣ. ಅವನಿಗೆ ನಗಬಾರದು ಎಂದಿತ್ತು, ಆಗಲಿಲ್ಲ. ಆಮೇಲೆ ಸಿದ್ದಪ್ಪನೂ ನಕ್ಕ, ನಗುತ್ತ ನಗುತ್ತ ಅಳಲು ಶುರು ಮಾಡಿದ. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ, "ನಿನ್ನ ಮಾತು ಕೇಳಲಿಲ್ಲ ನಾ, ತಪ್ಪಾತು ಯವ್ವಾ" ಎಂದ. ಶ್ರೀದೇವಿ ತಂದೆಯ ಕಾಲ ಬಳಿ ಕುಸಿದು ಕುಳಿತಳು. ಎದೆಗೆ ಒತ್ತಿ ಹಿಡಿದಿದ್ದ ಪುಸ್ತಕವನ್ನು ಆಗ ಕೆಳಗಿಟ್ಟಳು.

ಇಲ್ಲಿಗೆ ಮುಗಿಯಿತು ಎಂದು ನಾನಂದುಕೊಂಡೆ. ಸಿದ್ದಪ್ಪ ಹೇಳಿದ: "ನನಗ ತಿಳೀತ್ರಿ ಅಕ್ಕಾರ. ಊರಿಗೆ ಏನ್ ಹೇಳ್ಲಿ? ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕ ಬರತೈತೇನ್ರಿ?"

"ನಾ ಆ ವಿಡಿಯೊ ತಗದು ಹಾಕ್ತೀನಪಾ," ಎಂದಳು ಶ್ರೀದೇವಿ.

"ತಗದ್ರ ಖರೇನ ಅಂತಾರ," ಎಂದ ಸಿದ್ದಪ್ಪ.

ನಾನು ಹಾಸ್ಟೆಲ್ಲಿನಲ್ಲಿ ಕಲಿತ ಎಲ್ಲ ಪಾಠಕ್ಕಿಂತ ದೊಡ್ಡ ಪಾಠ ಅದು. ಬೇಗ ಓಡುವುದು ಕತ್ತರಿಸಿದ ತುಂಡು. ಪೂರ್ತಿ ಮಾತು ಹಿಂದಿನಿಂದ ಕುಂಟುತ್ತ ಬರುತ್ತದೆ. ಅದನ್ನು ಯಾರಾದರೂ ಹೆಗಲ ಮೇಲೆ ಹೊತ್ತು ತರಬೇಕು. ಮಗಳು ಎಷ್ಟು ಹೇಳಿದರೂ ಆ ಗುಂಪಿನಲ್ಲಿ ಕೇಳುವವರಿರಲಿಲ್ಲ. ಅದು ಗಂಡಸರ ಗುಂಪು, ಊರ ಕಟ್ಟೆಯೇ ಮೊಬೈಲಿನೊಳಗೆ ಬಂದು ಕುಳಿತಿತ್ತು.

ಸಿದ್ದಪ್ಪ ತನ್ನ ಫೋನ್ ತೆಗೆದು ನೋಡಿದ. ಅವನ ವಾಟ್ಸಪ್ಪಿನಲ್ಲಿ ಇದ್ದದ್ದು ದ್ರಾಕ್ಷಿ ಗೊನೆಯ ಚಿತ್ರ. ತನ್ನ ಮುಖವನ್ನು ಅದರಲ್ಲಿ ಹಾಕಿದವನೇ ಅಲ್ಲ. ಆಮೇಲೆ ಎದ್ದು, ರುಮಾಲು ಸರಿಮಾಡಿಕೊಂಡು, ಮುದುಕ ಬಸವರಾಜಜ್ಜನ ಪಕ್ಕಕ್ಕೆ ಹೋಗಿ ನಿಂತ. ಭೀಮಣ್ಣನ ಜೇಬಿನತ್ತ ಕೈ ತೋರಿಸಿ, "ಆಕಿ ಫೋನ್ ಆಕೀಗೆ ಕೊಡು" ಎಂದ. ಮಗಳಿಗೆ ಹೇಳಿದ: "ಹಿಡೀಬೇ, ತಗೀ ವಿಡಿಯೊ."

ಅವನು ಆಡಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ನಾ ಕಳ್ಳಕವಟಗಿ ಸಿದ್ದಪ್ಪ ಮಾತಾಡಾಕತ್ತೀನಿ. ಅಳಿಯ ಯಾರು, ಅಳಿಯ ಯಾರು ಅಂತ ಕೇಳಾಕತ್ತಿದ್ರೆಲ್ಲ? ಇವರ ನೋಡ್ರಿ ಆ ಬಸವರಾಜ. ಹೊಲಾ ಎಷ್ಟೈತಿ ಅಂತ ನೀವ ಕೇಳ್ರಿ. ಇವರ ಹೆಂಡ್ತಿ ಒಡಪನ್ನ ನನ್ನ ಮಗಳು ಕಲ್ತು ಹೇಳ್ಯಾಳ. 'ಇದು ಅಜ್ಜಿ ಒಡಪು' ಅಂತ ಮೊದಲ ಹೇಳ್ಯಾಳ, ಅದನ್ನ ಕತ್ತರಿಸಿದಾವರು ಯಾರಂತ ಅವರಿಗೆ ಗೊತ್ತು. ಸೋಮವಾರ ಆಕಿ ಪರೀಕ್ಷಾ ಐತಿ. ಮುಗೀಮಟಾ ನನಗ ಯಾರೂ ಫೋನ್ ಹಚ್ಚಬ್ಯಾಡ್ರಿ."

ಬಸವರಾಜಜ್ಜ ಬೊಚ್ಚುಬಾಯಿ ಬಿಟ್ಟು ಕ್ಯಾಮೆರಾಕ್ಕೆ ಕೈಮುಗಿದ. ಮಗಳ ಫೋನಿನಿಂದ ತನ್ನ ಫೋನಿಗೆ ಹಾಕಿಸಿಕೊಂಡು, ಸಿದ್ದಪ್ಪನೇ ಅದನ್ನು ಊರ ಗುಂಪಿಗೆ ಕಳಿಸಿದ.

ನಾವು ಹಾಸ್ಟೆಲ್ ಮುಟ್ಟುವವರೆಗೂ ಗುಂಪಿನಲ್ಲಿ ಸದ್ದಿಲ್ಲ. ಆಮೇಲೆ ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ "ಅಳಿಯಂದಿರಿಗೆ ನಮಸ್ಕಾರ" ಎಂದ. ಅಷ್ಟರಲ್ಲಿ ಯಾರೋ, "ಹುಡುಗಿ ಚೊಲೋ ಹೇಳ್ಯಾಳ, ನಮ್ಮ ಆಯಿನೂ ಒಂದ ಹೇಳ್ತಾಳಂತ" ಎಂದು ತನ್ನ ಅಜ್ಜಿಯ ದನಿ ಕಳಿಸಿದ. ಅದರ ಹಿಂದೆ ಮತ್ತೊಂದು. ಮೊಮ್ಮಕ್ಕಳ ಫೋನು ಹಿಡಿದು ಊರಿನ ಮುದುಕಿಯರು ಒಡಪು ಹೇಳತೊಡಗಿದರು. ಆ ಗುಂಪಿನಲ್ಲಿ ಹೆಂಗಸರು ತಾವಾಗಿ ದನಿ ತೆಗೆದದ್ದು ಅದೇ ಮೊದಲು. ಶ್ರೀದೇವಿ ತಂದೆಯ ಫೋನ್ ಹಿಡಿದು ಕೇಳುತ್ತ ಕುಳಿತಳು. ನಾನು ಗದರಿದೆ: "ಸಾಕ್, ನಡಿ ಓದು! ಪರೀಕ್ಷಾ ನಿಮ್ಮಜ್ಜಿ ಬರೀತಾಳೇನು?"

ಭೀಮಣ್ಣ ಅಂದು ಮಧ್ಯಾಹ್ನ ನಮ್ಮ ಮೆಸ್ಸಿನಲ್ಲೇ ಉಂಡ. ಅಡುಗೆಯ ಬಸವರಾಜ ದೂರದಿಂದಲೇ ಸೌಟು ಚಾಚಿ ಬಡಿಸಿದ. ನಮ್ಮ ಸಾಹೇಬರ ವಿಷಯ ಹೇಳಲೇಬೇಕು. ತಪ್ಪೊಪ್ಪಿಗೆ ಬರೆಸಿ ಎಂದವರು ಮರುದಿನ ಅದೇ ರೀಲನ್ನು ತಮ್ಮ ಸ್ಟೇಟಸ್ಸಿಗೆ ಹಾಕಿ, "ನಮ್ಮ ಹಾಸ್ಟೆಲ್ಲಿನ ಪ್ರತಿಭೆ" ಎಂದು ಬರೆದರು. ನಾನು ಅದಕ್ಕೂ ಒಂದು ಲೈಕ್ ಒತ್ತಿದೆ.

ಶ್ರೀದೇವಿ ಪರೀಕ್ಷೆ ಬರೆದಳು, ಒಳ್ಳೆಯ ದರ್ಜೆಯಲ್ಲಿ ಪಾಸಾದಳು, ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮಾವನ ಮಗನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ನಿವೃತ್ತಳಾದೆ. ಹೋದ ತಿಂಗಳು ಸಿದ್ದಪ್ಪ ಫೋನ್ ಮಾಡಿದ. ಮಳೆ ಹೇಗಿದೆ, ಬೆಳೆ ಹೇಗಿದೆ, ನನ್ನ ಮಂಡಿನೋವು ಹೇಗಿದೆ, ಎಲ್ಲ ಕೇಳಿದ. ಏನೋ ಹೇಳುವುದಿದೆ, ಬಾಯಿಗೆ ಬರುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಹಿಂದಿನಿಂದ ಒಂದು ಹೆಣ್ಣುದನಿ, "ಕೊಡ್ರಿ ಇಲ್ಲೆ" ಎಂದು ಫೋನ್ ಕಸಿದುಕೊಂಡಿತು. ಶ್ರೀದೇವಿಯ ತಾಯಿ. ನಾವು ಮಾತಾಡಿದ್ದು ಅದೇ ಮೊದಲು.

"ಅಕ್ಕಾರ, ಇವರು ಹೇಳಾಕ ನಾಚ್ಕೊಳ್ಳಾಕತ್ತಾರ. ಅವತ್ತ ಸಾಲಿ ಬಿಡಸಾಕ ಜೀಪ್ ತಗೊಂಡ ಬಂದಿದ್ರಲ್ರಿ, ಅದಕ್ಕ. ನಮ್ಮ ಸಣ್ಣಾಕಿ ಬಿ.ಎ. ಮುಗಿಸ್ಯಾಳ. ಆಕೀಗೂ ಅದ ಹಾಸ್ಟೆಲ್ಲಾಗ ಒಂದ ಜಾಗಾ ಬೇಕಾಗಿತ್ರಿ."

"ನಾ ರಿಟೈರ್ ಆಗೀನವಾ" ಎಂದೆ.

"ಆದ್ರೇನಾತ್ರಿ? ಹೊಸ ಅಕ್ಕಾರಿಗೆ ನೀವ ಒಂದ ಮಾತ ಹೇಳ್ರಿ. ಬಿಟ್ಟು ಬರಾಕ ಇವರ ಬರ್ತಾರಂತ."